ಕೊನೇ ಗಂಟೆಗೆ ಹೊಲಿದ ಕಾರು

ನಮ್ಮ ಮನೆಯಲ್ಲಿ ಕಾರು ಇರಲಿಲ್ಲ. ಅಪ್ಪನಿಗೊಂದು ಹಳೇ ಸ್ಕೂಟರ್, ನನಗೊಂದು ಮೊಪೆಡ್, ಅಷ್ಟೇ. ಆದರೂ ಎರಡು ಸಾವಿರದ ಆರು, ಏಳರ ಹೊತ್ತಿಗೆ ಮೈಸೂರಿನ ಇಡೀ ಕುಂಬಾರಕೊಪ್ಪಲಿನಲ್ಲಿ ಕಾರಿನ ವಿಷಯಕ್ಕೆ ನನ್ನಷ್ಟು ತಲೆ ಕೆಡಿಸಿಕೊಂಡ ಹೆಂಗಸು ಇನ್ನೊಬ್ಬಳಿರಲಿಲ್ಲ ಅಂತ ಬೇಕಾದರೆ ಬರೆದುಕೊಡುತ್ತೇನೆ. ಹಿಂದಿನ ಟೈರಿಗೆ ಗಾಳಿ ಎಷ್ಟಿರಬೇಕು, ಮುಂದಿನ ಸ್ಪ್ರಿಂಗು ಎಷ್ಟು ಬಿಗಿ ಇರಬೇಕು, ಬ್ರೇಕು ಹಿಂದಕ್ಕೆ ಹೆಚ್ಚು ಬೀಳಬೇಕೋ ಮುಂದಕ್ಕೋ, ಇದನ್ನೆಲ್ಲ ಯಾರದೋ ಬ್ಲೌಸಿಗೆ ಹುಕ್ಸ್ ಹಾಕುತ್ತಾ ಯೋಚಿಸುತ್ತಿದ್ದೆ. ಸೂಜಿ ಬೆರಳಿಗೆ ಚುಚ್ಚಿದಾಗ ಮಾತ್ರ ಬ್ಲೌಸಿನ ನೆನಪಾಗುತ್ತಿತ್ತು. ಇಷ್ಟಕ್ಕೂ ಆ ಕಾರು ಇದ್ದದ್ದು ಕಂಪ್ಯೂಟರಿನೊಳಗೆ. ಅದನ್ನು ಓಡಿಸುತ್ತಿದ್ದವನು ನನ್ನ ತಮ್ಮ.

ಅವನಿಗೆ ಈ ಹುಚ್ಚು ಹತ್ತಿದ್ದು ತೊಂಬತ್ತರ ದಶಕದಲ್ಲಿ, ದಸರಾ ವಸ್ತುಪ್ರದರ್ಶನದಲ್ಲಿ. ಅಲ್ಲಿ ಒಂದು ಮಳಿಗೆಯಲ್ಲಿ ಕಾರ್ ರೇಸಿನ ಮೆಷಿನ್ ಇಡುತ್ತಿದ್ದರು. ಬಿಲ್ಲೆ ಹಾಕದೆ ಇದ್ದರೂ ತೆರೆಯ ಮೇಲೆ ಒಂದು ಕಾರು ತನ್ನಷ್ಟಕ್ಕೆ ತಾನು ಓಡುತ್ತಿರುತ್ತಿತ್ತು, ಜನರನ್ನು ಸೆಳೆಯುವುದಕ್ಕೆ. ಇವನು ಹೋಗಿ ಸೀಟಿನ ಮೇಲೆ ಕೂತು ಸ್ಟೀರಿಂಗ್ ತಿರುಗಿಸುತ್ತಾ, ಬಾಯಲ್ಲಿ ಗೇರ್ ಹಾಕುತ್ತಾ, ಆ ಕಾರನ್ನು ತಾನೇ ಓಡಿಸುತ್ತಿದ್ದೇನೆ ಅಂದುಕೊಳ್ಳುತ್ತಿದ್ದ. ನಿಜ ಹೇಳಿಬಿಡೋಣ ಅಂತ ನಾನು ಬಾಯಿ ತೆರೆದರೆ ಅಪ್ಪ ಕಣ್ಣು ಬಿಡುತ್ತಿದ್ದರು. "ಪುಕ್ಕಟೆ ಖುಷಿ ಪಡ್ತಾವ್ನೆ, ನಿಂಗೇನ್ ಕಷ್ಟ, ಬುಡು" ಅನ್ನುತ್ತಿದ್ದರು. ಅಪ್ಪನದು ಅಗ್ರಹಾರದಲ್ಲಿ ವಿಭೂತಿ, ರುದ್ರಾಕ್ಷಿ, ಧೂಪ ಮಾರುವ ಸಣ್ಣ ಅಂಗಡಿ. ಪುಕ್ಕಟೆ ಸಿಕ್ಕಿದ್ದರ ಬೆಲೆ ಅವರಿಗೆ ಗೊತ್ತಿತ್ತು.

ಪಿಯುಸಿ ಓದುವಾಗ ತಮ್ಮನ ತೋಳು ಸೋಲತೊಡಗಿತು. ಮೊದಲು ಒದ್ದೆ ಬಟ್ಟೆ ಒಣಗಿಸಲು ತಂತಿಯವರೆಗೆ ಕೈ ಎತ್ತಲಾರದೆ ಹೋದ. ಸೋಂಬೇರಿ ಅಂತ ಬೈದೆವು. ಆಮೇಲೆ ತಲೆ ಬಾಚಬೇಕಾದರೆ ಮೊಣಕೈಯನ್ನು ಗೋಡೆಗೆ ಆನಿಸಿಕೊಳ್ಳತೊಡಗಿದ. ಮೈಸೂರಿನ ಡಾಕ್ಟರು ಬೆಂಗಳೂರಿಗೆ ಕಳಿಸಿದರು, ಬೆಂಗಳೂರಿನವರು ತೊಡೆಯಿಂದ ಒಂದು ಚೂರು ಮಾಂಸ ತೆಗೆದು ನೋಡಿ, ಇದು ಸ್ನಾಯು ಸವೆಯುವ ಕಾಯಿಲೆ, ಭುಜದಿಂದ ಶುರುವಾಗಿ ಬೆರಳಿನ ಕಡೆಗೆ ಇಳಿಯುತ್ತದೆ, ನಿಧಾನವಾಗಿ ಇಳಿಯುತ್ತದೆ, ಇದಕ್ಕೆ ಔಷಧಿ ಇಲ್ಲ ಅಂದರು. ಔಷಧಿ ಇಲ್ಲ ಅನ್ನುವ ಎರಡು ಮಾತು ಕೇಳುವುದಕ್ಕೆ ಅಷ್ಟೊಂದು ಸೂಜಿ ಚುಚ್ಚಿಸಿಕೊಂಡು, ಅಷ್ಟೊಂದು ಬೆಂಚಿನ ಮೇಲೆ ಕೂತಿದ್ದೆವು. ಅಪ್ಪ ಅವನನ್ನು ಮಠಕ್ಕೆ ಕರೆದುಕೊಂಡು ಹೋದರು. ಸ್ವಾಮಿಗಳು ತಲೆ ಮೇಲೆ ಕೈಯಿಟ್ಟು, ಡಾಕ್ಟರು ಹೇಳಿದ ಹಾಗೆ ಕೇಳಪ್ಪ ಅಂದರಂತೆ. ಡಾಕ್ಟರು ಏನೂ ಹೇಳಿರಲಿಲ್ಲವಲ್ಲ, ಏನು ಅಂತ ಕೇಳುವುದು! ಅಮ್ಮ ದಿನಾ ಸಂಜೆ ಯಾರೋ ಹೇಳಿದ ಎಣ್ಣೆ ಬಿಸಿ ಮಾಡಿ ತಿಕ್ಕುತ್ತಿದ್ದಳು. ಮನೆ ತುಂಬ ಆ ಎಣ್ಣೆಯ ವಾಸನೆ ಇರುತ್ತಿತ್ತು.

ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು ಉಪ್ಪಿಟ್ಟು ತಿಂದು, ತಮ್ಮನ ಕೈ ನೋಡಿ, "ಇದು ನಿಮ್ಮ ಮನೆತನದಲ್ಲಿ ಮುಂಚಿನಿಂದ ಉಂಟೇನ್ರೀ?" ಅಂತ ಕೇಳಿದರು. ಉಪ್ಪಿಟ್ಟೂ ಮುಂಚಿನಿಂದ ಉಂಟು ಕಣ್ರೀ ಅಂದೆ. ಅವರು ಮತ್ತೆ ಬರಲಿಲ್ಲ.

ಆಗ ನಾನು ಗೋಕುಲಂ ಬಡಾವಣೆಗೆ ಯೋಗ ಕಲಿಯಲು ಬರುತ್ತಿದ್ದ ಫಾರಿನರ್‌ಗಳಿಗೆ ಸಡಿಲವಾದ ಹತ್ತಿ ಪೈಜಾಮ ಹೊಲಿದುಕೊಡುತ್ತಿದ್ದೆ. ಅವರಲ್ಲೊಬ್ಬ ಎತ್ತರದ ಮನುಷ್ಯ ಅಲ್ಲೇ ಬಾಡಿಗೆ ಮನೆ ಮಾಡಿಕೊಂಡಿದ್ದ. ಊರಿಗೆ ಹೊರಟಾಗ ಸಾಮಾನೆಲ್ಲ ಪರಿಚಯದವರಿಗೆ ಹಂಚಿದ. ಒಬ್ಬರಿಗೆ ಮಿಕ್ಸಿ, ಒಬ್ಬರಿಗೆ ಟೇಬಲ್ ಫ್ಯಾನು. ನನ್ನ ಪಾಲಿಗೆ ಅವನ ಕಂಪ್ಯೂಟರು, ಅದಕ್ಕೆ ಜೋಡಿಸುವ ಒಂದು ಸ್ಟೀರಿಂಗು, ಅದರ ಜೊತೆ ಬ್ರೇಕು ಮತ್ತು ಆಕ್ಸಿಲರೇಟರಿನ ಪೆಡಲು ಬಂತು. ಬೆಳಿಗ್ಗೆಯೆಲ್ಲ ಪ್ರಾಣಾಯಾಮ ಮಾಡಿ ಈ ಆಸಾಮಿ ಸಂಜೆ ರೇಸು ಓಡಿಸುತ್ತಿದ್ದನಂತೆ. ತಮ್ಮನಿಗೆ ಒಂದಿಷ್ಟು ಹೇಳಿಕೊಟ್ಟು, ತನ್ನ ದೇಶದ ಆಟಗಾರರ ಒಂದು ಗುಂಪಿಗೂ ಸೇರಿಸಿ ಹೋದ. ಆ ಗುಂಪಿನವರು ಭಾನುವಾರಗಳಲ್ಲಿ, ಅವರಿಗೆ ಬೆಳಿಗ್ಗೆ ನಮಗೆ ಮಧ್ಯಾಹ್ನ, ಇಂಟರ್ನೆಟ್ಟಿನಲ್ಲಿ ಸೇರಿ ಒಟ್ಟಿಗೆ ರೇಸು ಓಡಿಸುತ್ತಿದ್ದರು.

ತಮ್ಮ ಚೆನ್ನಾಗಿಯೇ ಓಡಿಸಿದ. ಭುಜ ಸೋತಿದ್ದರೂ ಬೆರಳು, ಮಣಿಕಟ್ಟು ಆಗಿನ್ನೂ ಮಾತು ಕೇಳುತ್ತಿದ್ದವು. ಮೊಣಕೈ ಕೆಳಗೆ ದಿಂಬು ಇಟ್ಟರೆ ಆಯಿತು. ಸಣ್ಣ ರೇಸುಗಳಲ್ಲಿ ನಡುವಿನಲ್ಲೆಲ್ಲೋ ಬರುತ್ತಿದ್ದ. ಆದರೆ ಆ ಗುಂಪಿನಲ್ಲಿ ಮರ್ಯಾದೆ ಇದ್ದದ್ದು ಉದ್ದದ ರೇಸಿಗೆ, ಮೂರು ಗಂಟೆಯದಕ್ಕೆ. ಅದನ್ನು ಎರಡು ಸಲ ಶುರು ಮಾಡಿ ಎರಡು ಸಲವೂ ಕೈ ಸೋತು ಅರ್ಧಕ್ಕೆ ಬಿಟ್ಟ. ಎರಡನೇ ಸಲ ಬಿಟ್ಟ ದಿನ ಸಂಜೆ, ನಾನು ಗುಂಡಿಗೆ ಕಾಜಾ ಮಾಡುತ್ತಾ ಕೂತಿದ್ದಾಗ ಹತ್ತಿರ ಬಂದು ನಿಂತುಕೊಂಡ.

"ಅಕ್ಕ, ಒಂದೇ ಒಂದು ಉದ್ದದ ರೇಸು ಮುಗಿಸ್ಬೇಕು ಕಣೆ. ಗೆಲ್ಲೋದೆಲ್ಲ ಬ್ಯಾಡ. ಮೊದಲಿಂದ ಕೊನೇಗಂಟ ನಾನೇ ಓಡಿಸಿರ್ಬೇಕು. ಕೈ ಇರೋವಾಗ್ಲೇ."

ಕೈ ಇರೋವಾಗ್ಲೇ ಅಂದದ್ದಕ್ಕೆ ನನಗೆ ಸಿಟ್ಟು ಬಂತು. ನನಗೆ ಅಳು ಬರಬೇಕಾದ ಕಡೆಯಲ್ಲೆಲ್ಲ ಸಿಟ್ಟೇ ಬರುತ್ತದೆ, ಮೊದಲಿನಿಂದಲೂ. "ನಾನೇನ್ ಮಾಡ್ಬೇಕು ಹೇಳು, ಸುಮ್ನೆ ನಿಂತ್ಕೋಬೇಡ" ಅಂದೆ.

ಹಾಗೆ ನಾನು ಕಾರಿನ ಕೆಲಸಕ್ಕೆ ಇಳಿದೆ. ಆ ಆಟದಲ್ಲಿ ಓಡಿಸುವುದು ಒಂದು ಭಾಗವಾದರೆ ಕಾರನ್ನು ಹೊಂದಿಸುವುದು ಇನ್ನೊಂದು ಭಾಗ. ತೆರೆಯ ಮೇಲೆ ಟೈರಿನ ಗಾಳಿ, ಸ್ಪ್ರಿಂಗು, ಬೆನ್ನಿನ ಮೇಲಿನ ರೆಕ್ಕೆ, ಬ್ರೇಕು, ಪೆಟ್ರೋಲು, ಸ್ಟೀರಿಂಗು, ಒಂದೊಂದಕ್ಕೂ ಒಂದೊಂದು ನಂಬರು. ಮೌಸು ಹಿಡಿದು ಅವನ್ನೆಲ್ಲ ಬದಲಾಯಿಸುತ್ತಾ ಕೂತರೆ ಅವನ ಭುಜದ ಶಕ್ತಿ ಅಲ್ಲೇ ಮುಗಿದು ಓಡಿಸುವುದಕ್ಕೆ ಏನೂ ಉಳಿಯುತ್ತಿರಲಿಲ್ಲ. ಆದ್ದರಿಂದ ಅವನು ಓಡಿಸುವುದು, ಬಂದು ಹೇಳುವುದು, ನಾನು ನಂಬರು ಬದಲಾಯಿಸುವುದು. "ಬಲಕ್ಕೆ ತಿರುಗ್ವಾಗ ಹಿಂದ್ಗಡೆ ಜಾರ್ತದೆ" ಅಂದರೆ ಹಿಂದಿನ ಸ್ಪ್ರಿಂಗು ಒಂದು ಚೂರು ಸಡಿಲ. "ಮೂತಿ ತಿರುಗ್ತಾನೇ ಇಲ್ಲ" ಅಂದರೆ ಮುಂದೆ ಸಡಿಲ. ಒಂದು ಸಲಕ್ಕೆ ಒಂದೇ ಬದಲಾವಣೆ. ಇದನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಕಂಕುಳು, ಎದೆ, ತೋಳು ಮೂರನ್ನೂ ಒಂದೇ ಸಲ ಬಿಚ್ಚಿ ಆಲ್ಟರ್ ಮಾಡಲು ಹೊರಟವರ ಬ್ಲೌಸು ಏನಾಗುತ್ತದೆ ಅಂತ ಹೊಲಿಗೆ ಬಲ್ಲವರಿಗೆಲ್ಲ ಗೊತ್ತು.

ಹೊಂದಿಸಿದ ಕಾರುಗಳಿಗೆ ಅವನು ತಿಂಡಿಗಳ ಹೆಸರಿಡುತ್ತಿದ್ದ. ಮೆತ್ತಗಿನದು ಇಡ್ಲಿ. ಕಲ್ಲಿನ ಹಾಗೆ ಕುಲುಕುವುದು ನಿಪ್ಪಟ್ಟು. ನೋಡಲು ಚೆನ್ನಾಗಿದ್ದು ಎರಡೇ ಸುತ್ತಿಗೆ ಟೈರು ತಿಂದುಹಾಕುವುದು ಸಂತೆ ಬೋಂಡ. ಅಮ್ಮ ಅಡಿಗೆಮನೆಯಿಂದ ಕೇಳಿಸಿಕೊಂಡು, "ಮಾಡಿ ಆಕಿದ್ದು ತಿನ್ನಲ್ಲ, ತಿಂಡಿ ಎಸ್ರು ಮಾತ್ರ ಬಾಯಲ್ಲಿ" ಅನ್ನುತ್ತಿದ್ದಳು.

ನಾನು ಒಂದು ದಿನ, ನಾನೇ ಒಂದು ಸುತ್ತು ಓಡಿಸಿ ನೋಡಿದರೆ ಬೇಗ ಅರ್ಥವಾಗಬಹುದಲ್ಲ ಅಂದೆ. ಅವನು ಒಪ್ಪಲಿಲ್ಲ. "ನೀನ್ ಓಡಿಸಿದ್ರೆ ನಿನ್ ಕೈಗೆ ಸರಿ ಮಾಡ್ಬುಡ್ತೀಯ. ಗಿರಾಕಿ ಬ್ಲೌಸ್ನ ನೀನ್ ಹಾಕ್ಕೊಂಡ್ ನೋಡ್ತೀಯೇನೆ?" ಅಂದ. ನ್ಯಾಯವಾದ ಮಾತು. ಹಾಗಾಗಿ ಆ ಸ್ಟೀರಿಂಗನ್ನು ನಾನು ಧೂಳು ಒರೆಸುವುದಕ್ಕೆ ಬಿಟ್ಟರೆ ಮುಟ್ಟಲಿಲ್ಲ.

ಉದ್ದದ ರೇಸಿನ ಗುಟ್ಟು ತಿಳಿಯಲು ನಮಗೆ ಒಂದು ಮಳೆಗಾಲ ಹಿಡಿಯಿತು. ಒಂದೇ ಸುತ್ತು ಜೋರಾಗಿ ಓಡುವ ಕಾರು ಬೇರೆ, ಮೂರು ಗಂಟೆ ಓಡುವ ಕಾರು ಬೇರೆ. ಪೆಟ್ರೋಲು ತುಂಬಿದಾಗ ಕಾರು ಭಾರ, ಸುಡುತ್ತಾ ಹೋದ ಹಾಗೆ ಹಗುರ. ಟೈರು ಹೊಸದಿದ್ದಾಗ ನೆಲ ಹಿಡಿಯುತ್ತದೆ, ಸವೆದ ಮೇಲೆ ಜಾರುತ್ತದೆ. ಗಾಳಿ ಮೊದಲು ಸರಿ ಇದ್ದರೆ ಬಿಸಿಯಾದ ಮೇಲೆ ಜಾಸ್ತಿಯಾಗುತ್ತದೆ. ಎಲ್ಲಕ್ಕಿಂತ ಮುಖ್ಯ, ಓಡಿಸುವವನಿಗೆ ಸುಸ್ತಾಗುತ್ತದೆ. ಮೊದಲನೇ ಸುತ್ತಿಗೆ ಮೈಗೆ ಅಂಟಿದ ಹಾಗೆ ಹೊಂದಿಸಿದ ಕಾರು ಕೊನೇ ಗಂಟೆಯಲ್ಲಿ ಹಗೆ ಸಾಧಿಸುತ್ತದೆ. ಮದುವೆ ಹೆಣ್ಣಿನ ಬ್ಲೌಸನ್ನು ಅಳತೆ ಕೊಟ್ಟ ದಿನದ ಮೈಗೆ ಯಾರಾದರೂ ಹೊಲಿಯುತ್ತಾರೆಯೇ? ಬೀಗರ ಮನೆ ಊಟಗಳೆಲ್ಲ ಮುಗಿದ ಮೇಲಿನ ಮೈಗೆ ಒಳಗೆ ಬಟ್ಟೆ ಬಿಟ್ಟೇ ಹೊಲಿಯುವುದು. ಕಾರೂ ಹಾಗೇ ಆಗಬೇಕು ಅಂತ ನಾನು ಹಟ ಹಿಡಿದೆ. ಶುರುವಿನಲ್ಲಿ ಮೊದ್ದಾಗಿರಲಿ, ತಿರುಗಲು ಒಲ್ಲೆ ಅನ್ನಲಿ, ನಾಲ್ಕು ಜನ ಮುಂದೆ ಹೋಗಲಿ. ಕೊನೇ ಗಂಟೆಯಲ್ಲಿ ಅವನಿಗೆ ಕೈ ಸೋತಿರುವಾಗ ಅದು ಹೇಳಿದ ಹಾಗೆ ಕೇಳಬೇಕು. ಬೇರೆಯವರು ಪೆಟ್ರೋಲು, ಟೈರಿಗೆ ಅಂತ ಒಂದು ಸಲ ನಿಲ್ಲಿಸುವ ಕಡೆ ನಾವು ಮೂರು ಸಲ ನಿಲ್ಲಿಸುವುದು ಅಂತಲೂ ಮಾಡಿದೆವು. ಪೆಟ್ರೋಲು ಸ್ವಲ್ಪ ಸ್ವಲ್ಪವೇ ಹಾಕಿಸುವ ನೆಪದಲ್ಲಿ ಅವನ ಕೈಗೆ ವಿಶ್ರಾಂತಿ.

ಸ್ಟೀರಿಂಗಿಗೆ ಮಾತ್ರ ಬೇರೆ ಲೆಕ್ಕ. ಅದರೊಳಗೆ ಒಂದು ಮೋಟಾರು ಇತ್ತು. ನಿಜವಾದ ಕಾರಿನ ಹಾಗೆ ಕೈಗೆ ಎದುರು ಒತ್ತುತ್ತಿತ್ತು. ಉಳಿದ ಆಟಗಾರರಿಗೆ ಆ ಒತ್ತಿನಿಂದಲೇ ರಸ್ತೆ ಗೊತ್ತಾಗುವುದಂತೆ, ಅವರು ಅದನ್ನು ಹೆಚ್ಚು ಮಾಡಿಕೊಳ್ಳುತ್ತಿದ್ದರು. ನಮಗೆ ಅದೇ ಶತ್ರು. ಕೆಲವು ವಾರಕ್ಕೊಮ್ಮೆ ತಮ್ಮ ಬಂದು, "ಅಕ್ಕ, ಸ್ವಲ್ಪ ಭಾರ ಆಗ್ತದೆ" ಅನ್ನುತ್ತಿದ್ದ. ನಾನು ಎದುರೊತ್ತಿನ ನಂಬರು ಇಳಿಸುತ್ತಿದ್ದೆ. ಜೊತೆಗೆ ಇನ್ನೊಂದು ನಂಬರು, ಕೈ ಇಷ್ಟು ತಿರುಗಿಸಿದರೆ ಚಕ್ರ ಅಷ್ಟು ತಿರುಗಬೇಕು ಅನ್ನುವುದು, ಅದನ್ನು ಏರಿಸುತ್ತಿದ್ದೆ, ಕೈ ಕಡಿಮೆ ಆಡಿಸಿದರೂ ಸಾಕಾಗಲಿ ಅಂತ. "ಈಗ?" ಅಂದರೆ "ಈಗ ಪರವಾಗಿಲ್ಲ" ಅನ್ನುತ್ತಿದ್ದ.

ಆ ಕೆಲಸ ನನಗೆ ಎಷ್ಟು ಸಮಾಧಾನ ಕೊಡುತ್ತಿತ್ತು ಅಂತ ಹೇಳಲಾರೆ. ಮನೆಯಲ್ಲಿ ಉಳಿದ ಯಾವುದಕ್ಕೂ ಅಂಥ ನಂಬರು ಇರಲಿಲ್ಲ. ನೀರಿನ ಲೋಟ ಎತ್ತಲಾರೆ ಅಂದಾಗ ಅಮ್ಮ ಸಣ್ಣ ಲೋಟ ತಂದಳು, ಅದೂ ಭಾರ ಅಂದಾಗ ಪ್ಲಾಸ್ಟಿಕ್ಕಿನದು ತಂದಳು, ಅದಾದ ಮೇಲೆ ಏನು ತರುವುದು? ಬಚ್ಚಲುಮನೆಯ ಚಿಲಕ ಬಿಗಿ, ಅಪ್ಪ ಅದನ್ನು ಕಿತ್ತೇ ಹಾಕಿದರು. ಸೊಳ್ಳೆ ಕೂತರೆ ಅವನು ನಮ್ಮನ್ನು ಕೂಗಬೇಕಿತ್ತು. ನಾವು ಮೂರು ಜನ ಗಟ್ಟಿಮುಟ್ಟಾಗಿ ಸುತ್ತ ನಿಂತು ನೋಡುವುದಷ್ಟೇ. ಆ ಕಂಪ್ಯೂಟರಿನ ಮುಂದೆ ಮಾತ್ರ ಅವನು ಭಾರ ಅಂದರೆ ನಾನು ಭಾರ ಇಳಿಸಬಹುದಿತ್ತು.

ಶ್ರಾವಣ ಕಳೆದ ಮೇಲೆ ಒಂದು ದಿನ ಹೀಗೇ ಇಳಿಸಲು ಹೋದಾಗ ಎದುರೊತ್ತಿನ ನಂಬರು ಸೊನ್ನೆಗೆ ಬಂದು ನಿಂತಿತು. ಇನ್ನೊಂದು ನಂಬರೂ ಎಷ್ಟು ಏರಬಹುದೋ ಅಷ್ಟು ಏರಿಯಾಗಿತ್ತು. ಅವನು ಕೂತು ಎರಡು ಸುತ್ತು ಓಡಿಸಿದ. "ಎಂಗಿದೆ?" ಅಂದೆ. "ಈಗ ಸರಿಯಾಯ್ತು ನೋಡು. ಇನ್ನೇನೂ ಮುಟ್ಬೇಡ" ಅಂದ.

ಆಮೇಲೆ ಅವನು ಭಾರ ಅಂತ ಒಂದು ದಿನವೂ ಅನ್ನಲಿಲ್ಲ. ಒಂದು ವಾರ ಕಾದೆ, ಇನ್ನೊಂದು ವಾರ ಕಾದೆ, ತಿಂಗಳು ಕಳೆಯಿತು. ಓಡಿಸುತ್ತಲೇ ಇದ್ದ. ಕಾಯಿಲೆ ಅಲ್ಲಿಗೇ ನಿಂತಿರಬಹುದು ಅಂತ ನನಗೆ ಆಸೆ ಹುಟ್ಟಿತು. ಕೆಲವರಿಗೆ ಹಾಗೆ ವರ್ಷಗಟ್ಟಲೆ ನಿಲ್ಲುವುದೂ ಉಂಟು ಅಂತ ಡಾಕ್ಟರೊಬ್ಬರು ಹಿಂದೆ ಅಂದಿದ್ದರು. ಅಮ್ಮನಿಗೆ ಹೇಳಿದೆ. ಅವಳು ದೇವರ ಮನೆಗೆ ಹೋಗಿ ತುಪ್ಪದ ದೀಪ ಹಚ್ಚಿದಳು. ಆ ಸಂಜೆ ಅಪ್ಪ ಮಿಠಾಯಿ ಪೊಟ್ಟಣ ತಂದರು. ಆ ಕಾರಿಗೆ ತಮ್ಮ ಇಟ್ಟ ಹೆಸರು ಮೊಸರನ್ನ.

ಮುಂದಿನ ಉದ್ದದ ರೇಸು ವಿಜಯದಶಮಿ ಮುಗಿದ ಮೇಲಿನ ಭಾನುವಾರ ಬಿತ್ತು. ಆಯುಧಪೂಜೆಯ ದಿನ ಪ್ರಾಕ್ಟೀಸು ಮಾಡೋಣ ಅಂತ ನಾವು ಕಂಪ್ಯೂಟರಿನ ಕೋಣೆಗೆ ಹೋದರೆ ಸ್ಟೀರಿಂಗೇ ಇಲ್ಲ. ಹಜಾರದಲ್ಲಿ ಮಣೆಯ ಮೇಲೆ ನನ್ನ ಹೊಲಿಗೆ ಮೆಷಿನ್ನಿನ ಪಕ್ಕ, ಅಪ್ಪನ ಅಂಗಡಿಯ ತಕ್ಕಡಿ, ನನ್ನ ಕತ್ತರಿ, ಈಳಿಗೆಮಣೆ ಇವುಗಳ ಸಾಲಿನಲ್ಲಿ ಕೂತಿತ್ತು. ಮೂರು ಬೆರಳಿನ ವಿಭೂತಿ, ಕುಂಕುಮ, ಸೇವಂತಿಗೆ ಹೂವು, ಎರಡು ಪೆಡಲಿನ ಕೆಳಗೂ ಒಂದೊಂದು ನಿಂಬೆಹಣ್ಣು.

"ಪೂಜೆಗಿಟ್ಟ ಆಯುಧ ನಾಳೆಗಂಟ ಮುಟ್ಟಂಗಿಲ್ಲ" ಅಂದಳು ಅಮ್ಮ.

"ಅಮ್ಮ, ಅದು ಆಟದ ಸಾಮಾನು" ಅಂದ ತಮ್ಮ.

"ನಿಂಗೆ ಅದ್ಬುಟ್ರೆ ಇನ್ನೇನೈತಪ್ಪ ಆಯುಧ" ಅಂದು, ಉಳಿದ ವಿಭೂತಿಯನ್ನು ಅವನ ಎರಡು ಮಣಿಕಟ್ಟಿಗೂ ಹಚ್ಚಿದಳು. ಸ್ಟೀರಿಂಗಿಗೆ ಹಚ್ಚಿದ್ದಕ್ಕಿಂತ ದಪ್ಪಗೆ ಹಚ್ಚಿದಳು. ನಾವಿಬ್ಬರೂ ಗೇಟಿನ ಹತ್ತಿರ ಕುಂಬಳಕಾಯಿ ಒಡೆಯುವುದನ್ನು ನೋಡಲು ಹೋದೆವು.

ಮಾರನೇ ದಿನ ಜೋಡಿಸಿದರೆ ಕಾರು ತನ್ನಷ್ಟಕ್ಕೆ ತಾನೇ ಬ್ರೇಕು ಹಾಕುತ್ತಿತ್ತು. ನೇರ ರಸ್ತೆಯಲ್ಲಿ ಹೋಗುತ್ತಾ ಹೋಗುತ್ತಾ ಮುಗ್ಗರಿಸುವುದು. ಪೆಡಲು ಬಿಚ್ಚಿ ನೋಡಿದೆ. ಒಳಗೆ ವಿಭೂತಿ, ಕುಂಕುಮ, ನಿಂಬೆರಸ ಸೇರಿ ಮೆತ್ತಿಕೊಂಡಿತ್ತು. ಅಡಿಗೆಮನೆಗೆ ಹೋಗಿ ಕೂಗಾಡಿದೆ. "ಇದೇನು ಎತ್ತಿನ ಗಾಡಿನಾ, ಕಂಡ್ಕಂಡಲ್ಲೆಲ್ಲ ಬಳಿಯೋಕೆ?" ಅಂದೆ. ಅಮ್ಮ ಸೌಟು ಕೆಳಗಿಡದೆ ಹೇಳಿದಳು, "ನೀನಾದ್ರೆ ಅದ್ರಲ್ಲಿ ಏನೇನೋ ನಂಬರ್ ಒತ್ತಿ ಅವ್ನಿಗೆ ಅನುಕೂಲ ಮಾಡ್ತೀಯ. ನಾನೇನ್ ಒತ್ಲಿ? ನಂಗೆ ಗೊತ್ತಿರೋದು ಇದೊಂದೇ ಕಣಮ್ಮ." ಸ್ಪಿರಿಟ್ಟು, ಹತ್ತಿ, ಹಳೇ ಹಲ್ಲುಜ್ಜುವ ಬ್ರಷ್ಷು ತಗೊಂಡು ಕೂತೆ. ಪೂರ್ತಿ ಹೋಗಲಿಲ್ಲ. ಕೊನೆಗೆ ಆಟದಲ್ಲೇ, ಪೆಡಲು ಮೊದಲು ಒಂದು ಚೂರು ಒತ್ತಿದರೆ ಲೆಕ್ಕಕ್ಕಿಲ್ಲ ಅಂತ ಒಂದು ನಂಬರು ಬದಲಾಯಿಸಿದೆ. ಅಮ್ಮನ ಪೂಜೆಗೂ ಕಾರಿನಲ್ಲಿ ಜಾಗ ಮಾಡಿಕೊಟ್ಟ ಹಾಗಾಯಿತು.

ಭಾನುವಾರ ಅಪ್ಪ ಅಂಗಡಿ ಬಾಗಿಲು ಹಾಕಿಕೊಂಡು ಊಟಕ್ಕೆ ಮುಂಚೆಯೇ ಬಂದುಬಿಟ್ಟರು. ಕರೆಂಟು ಹೋದರೆ ಅಂತ ಪಕ್ಕದ ಮನೆಯ ಯುಪಿಎಸ್ ತಂದಿಟ್ಟಿದ್ದೆವು. ಇಂಟರ್ನೆಟ್ಟು ಬರುತ್ತಿದ್ದದ್ದೂ ಫೋನಿನ ತಂತಿಯಲ್ಲೇ, ಅದನ್ನು ಯಾರೂ ಮುಟ್ಟಕೂಡದು ಅಂತ ಅಮ್ಮ ಅದರ ಮೇಲೆ ಟವಲು ಮುಚ್ಚಿದಳು. ತಮ್ಮ ಎರಡು ಮೊಣಕೈಗೂ ದಿಂಬು ಕೊಟ್ಟುಕೊಂಡು ಕೂತ. ಅವನ ಬಲಗಡೆ ಸ್ಟೂಲಿನ ಮೇಲೆ ನಾನು. ಹಿಂದೆ ಅಪ್ಪ, ಟಿಕೆಟ್ಟು ತಗೊಂಡು ಬಂದವರ ಹಾಗೆ, ಕೈಕಟ್ಟಿಕೊಂಡು.

ಶುರುವಿನಲ್ಲಿ ನಾವು ಅಂದುಕೊಂಡ ಹಾಗೇ ಆಯಿತು. ಒಬ್ಬೊಬ್ಬರಾಗಿ ಎಲ್ಲರೂ ದಾಟಿಕೊಂಡು ಹೋದರು. ಅಪ್ಪ ತಡೆಯಲಾರದೆ, "ಏನೋ ಇದು, ಲಾರಿ ಓಡಿಸ್ದಂಗೆ ಓಡಿಸ್ತಿದ್ದೀಯ" ಅಂದರು. ಸುಮ್ಮನಿರಪ್ಪ ಅಂದೆ. ಮೊದಲ ಸಲ ನಿಲ್ಲಿಸಿದಾಗ ತೆರೆಯ ಮೇಲಿನವರು ಟೈರು ಬಿಚ್ಚಿ ಹಾಕುವಷ್ಟರಲ್ಲಿ ನಾವೂ ನಮ್ಮ ಕೆಲಸ ಮಾಡಿದೆವು. ಅಪ್ಪ ಅವನ ಹಣೆ ಒರೆಸಿದರು, ಅಮ್ಮ ಬಾಳೆಹಣ್ಣು ಮುರಿದು ಬಾಯಿಗಿಟ್ಟಳು, ನಾನು ಎರಡು ಕೈಯನ್ನೂ ಮಡಿಲಿಗೆ ಇಳಿಸಿ ತಿಕ್ಕಿದೆ. "ಆಯ್ತು, ಆಯ್ತು, ಬುಡಿ" ಅಂತ ಬಾಯಲ್ಲಿ ಹಣ್ಣಿಟ್ಟುಕೊಂಡೇ ಹೊರಟ. ಎರಡನೇ ಸಲವೂ ಹಾಗೇ.

ಎರಡನೇ ಗಂಟೆ ಕಳೆದ ಮೇಲೆ ನನ್ನ ಕಾರು ಮಾತಾಡಲು ಶುರು ಮಾಡಿತು. ಜೋರಾಗಿ ಹೋದವರ ಟೈರು ಸವೆದು ಅವರು ತಿರುವುಗಳಲ್ಲಿ ಒದ್ದಾಡುತ್ತಿದ್ದರು. ನಮ್ಮದು ಹಳಿಯ ಮೇಲೆ ಹೋದ ಹಾಗೆ ಹೋಗುತ್ತಿತ್ತು. ಒಬ್ಬನನ್ನು ಹಿಂದೆ ಹಾಕಿದ, ಇನ್ನೊಬ್ಬನನ್ನು ಹಾಕಿದ. ಒಬ್ಬ ತಾನಾಗೇ ಮರಳಿಗೆ ಬಿದ್ದ. ಅಪ್ಪ ಕೈಕಟ್ಟು ಬಿಟ್ಟು ನನ್ನ ಬೆನ್ನಿಗೆ ಗುದ್ದುತ್ತಿದ್ದರು. "ಸಕ್ಕತ್ತಾಗದೆ ಕಣಕ್ಕ, ಕಾರು ಸಕ್ಕತ್ತಾಗದೆ" ಅಂತ ತಮ್ಮ ತೆರೆಯಿಂದ ಕಣ್ಣು ತೆಗೆಯದೆ ಹೇಳಿದ. ಜನ್ಮದಲ್ಲಿ ನನಗೆ ಅಷ್ಟು ಹೆಮ್ಮೆ ಯಾವತ್ತೂ ಆಗಿರಲಿಲ್ಲ. ಇವತ್ತು ಮುಗಿಸುತ್ತಾನೆ ಅಂತ ನನಗೆ ಖಾತ್ರಿಯಾಯಿತು.

ಮೂರನೇ ಸಲ, ಕೊನೇ ಸಲ, ನಿಲ್ಲಿಸಿದ. ಹಣೆ ಒರೆಸಿದ್ದಾಯಿತು, ಹಣ್ಣು ಬೇಡ ಅಂದ. ಕೈ ಮಡಿಲಿಗೆ ಇಳಿಸಿ ತಿಕ್ಕಿದೆ. ತಣ್ಣಗಿದ್ದವು. ಪೆಟ್ರೋಲು ತುಂಬಿತು, ಟೈರು ಹಾಕಿದರು, ಕಾರು ಕೆಳಗಿಳಿಯಿತು, ಹೋಗಬಹುದು ಅಂತ ತೋರಿಸಿತು. ಅವನು ಹೊರಡಲಿಲ್ಲ.

"ಹೊರಡೋ" ಅಂದೆ.

"ಕೈ ಮೇಲಕ್ಕೆ ಇಡಕ್ಕ" ಅಂದ.

ಎತ್ತಿ ಸ್ಟೀರಿಂಗಿನ ಮೇಲಿಟ್ಟೆ. ಬೆರಳು ಮಡಚಿಕೊಳ್ಳಲಿಲ್ಲ. ಎರಡೂ ಕೈ ಜಾರಿ ಮಡಿಲಿಗೆ ಬಿದ್ದವು. ಮತ್ತೆ ಎತ್ತಿಟ್ಟೆ, ಬೆರಳುಗಳನ್ನು ನಾನೇ ಸುತ್ತ ಮಡಚಿದೆ, ಮತ್ತೆ ಬಿದ್ದವು. ಅಮ್ಮ ಎಣ್ಣೆ ತರಲು ಓಡಿದಳು. ನಾವು ಹಿಂದೆ ಹಾಕಿದ್ದವರೆಲ್ಲ ಒಬ್ಬೊಬ್ಬರಾಗಿ ಮುಂದೆ ಹೋಗುತ್ತಿದ್ದರು. ಇನ್ನು ಉಳಿದಿದ್ದದ್ದು ಅರ್ಧ ಗಂಟೆಗೂ ಕಡಿಮೆ.

"ನೀನ್ ತಗೊಂಡ್ಹೋಗಕ್ಕ" ಅಂದ.

"ನೀನೇ ಮುಗಿಸ್ಬೇಕು ಅಂದಿದ್ದಲ್ಲೋ?"

"ಕಾರು ನಿಂದೇ ತಾನೆ. ಅದಾದ್ರೂ ಮುಗಿಸ್ಲಿ."

ಅಪ್ಪ ಅವನನ್ನು ಕುರ್ಚಿ ಸಮೇತ ಪಕ್ಕಕ್ಕೆ ಎಳೆದರು. ನಾನು ಸ್ಟೂಲು ಎಳೆದುಕೊಂಡು ಕೂತು, ಸೆರಗು ಸಿಕ್ಕಿಸಿಕೊಂಡು, ಸ್ಟೀರಿಂಗ್ ಹಿಡಿದೆ. ಸ್ಪ್ರಿಂಗು, ರೆಕ್ಕೆ, ಗಾಳಿ, ಆ ಕಾರಿನಲ್ಲಿ ನಾನು ಮುಟ್ಟದ ನಂಬರು ಒಂದೂ ಇರಲಿಲ್ಲ. ದಿನಾ ಮೊಪೆಡ್ಡಿನಲ್ಲಿ ಊರು ಸುತ್ತುವವಳು ನಾನು, ನಿಧಾನವಾಗಿ ಹೋದರೆ ಯಾಕಾಗುವುದಿಲ್ಲ ಅಂದುಕೊಂಡೆ. ಆಕ್ಸಿಲರೇಟರ್ ಒತ್ತಿದೆ, ಕಾರು ಹೊರಗೆ ಬಂತು. ಮೊದಲನೇ ತಿರುವು ಬಂತು. ಬಲಕ್ಕೆ ಇಷ್ಟೇ ಇಷ್ಟು ತಿರುಗಿಸಿದೆ. ಕಾರು ಬುಗುರಿಯ ಹಾಗೆ ಎರಡು ಸುತ್ತು ತಿರುಗಿ ಹುಲ್ಲಿಗೆ ಹೋಯಿತು.

"ಮೆತ್ತಗೆ ಅಕ್ಕ" ಅಂದ.

ಹಿಂದಕ್ಕೆ ತಂದು ಮತ್ತೆ ಹೊರಟೆ. ಈ ಸಲ ಬರೀ ಬೆರಳಿನಲ್ಲಿ ಹಿಡಿದೆ. ಮತ್ತೆ ತಿರುಗಿಬಿತ್ತು.

"ಇನ್ನೂ ಮೆತ್ತಗೆ."

ಉಸಿರು ಬಿಗಿಹಿಡಿದು ಹೊರಟೆ. ಸ್ಟೀರಿಂಗು ಕೈಗೆ ಸಿಕ್ಕ ಹಾಗೇ ಅನ್ನಿಸುತ್ತಿರಲಿಲ್ಲ. ಅಲ್ಲಿ ತಳ್ಳಲು, ಹಿಡಿಯಲು ಏನೂ ಇರಲಿಲ್ಲ. ಬೆರಳು ಒಂದು ಚೂರು ಆಡಿದ್ದಕ್ಕೇ ಕಾರು ಎಡಕ್ಕೂ ಬಲಕ್ಕೂ ಹಾರಿ ಗೋಡೆಗೆ ಹೋಗಿ ಬಡಿಯಿತು. ಮುಂದಿನ ಚಕ್ರ ಕಿತ್ತುಕೊಂಡು ಉರುಳಿಹೋಯಿತು. ನನಗೆ ರೇಗಿತು, ಕಣ್ಣಿಗೆ ಏನೂ ಕಾಣಿಸದಷ್ಟು ರೇಗಿತು.

"ಇದೇನೋ ಇದು! ಮುಟ್ಟಿದ್ರೆ ಸಾಕು ಹಾರೋಗ್ತದಲ್ಲೋ! ಇಷ್ಟು ಹಗುರ ಇಟ್ಕೊಂಡು ಎಂಗೋ ಓಡಿಸ್ತಿದ್ದೆ ನೀನು?"

ಅಮ್ಮ ಎಣ್ಣೆ ಬಟ್ಟಲು ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಳು. ಅವನು ತನ್ನ ಕೈ ನೋಡಿಕೊಳ್ಳಲಿಲ್ಲ, ನನ್ನ ಕೈ ನೋಡಿದ.

"ನಂಗೆ ಇದೂ ಭಾರ ಆಗ್ತಿತ್ತು ಕಣಕ್ಕ" ಅಂದ. "ಅದಕ್ಕಿಂತ ಕೆಳಕ್ಕೆ ನಂಬರ್ ಇರ್ಲಿಲ್ವಲ್ಲ. ಅದಕ್ಕೇ ಹೇಳ್ಲಿಲ್ಲ."